ಕಲಬೆರಕೆ ಎಂದು ಬದಿಗಿಟ್ಟ ಮೂಳೆ

ಡಿಎನ್‌ಎ ಓದುವ ಯಂತ್ರ ಕೆಲಸ ಮುಗಿಸಿದಾಗ ಟಿಕ್ ಎಂದು ಸಣ್ಣ ಸದ್ದು ಮಾಡುತ್ತದೆ. ಹಗಲಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ. ಆ ರಾತ್ರಿ ಪ್ರಯೋಗಾಲಯದಲ್ಲಿ ನಾನೊಬ್ಬಳೇ ಇದ್ದೆ, ಕೇಳಿಸಿತು. ಪರದೆ ನೋಡುವ ಮೊದಲು ಹೋಗಿ ಕೈ ತೊಳೆದುಕೊಂಡೆ. ಹೆದರಿಕೆಯಾದಾಗ ನನಗೆ ಹೀಗೊಂದು ಅಭ್ಯಾಸ.

ಬೆರ್ಗೆನ್ ನಗರದ ನಮ್ಮ ಸಂಸ್ಥೆಯ ನೆಲಮಾಳಿಗೆಯಲ್ಲಿ ಹೆಸರಿಲ್ಲದ ಮೂಳೆಗಳ ಪೆಟ್ಟಿಗೆಗಳಿವೆ. ಹೆಚ್ಚಿನವು ಸಮುದ್ರದಿಂದ ಬಂದವು. ವರ್ಷಗಟ್ಟಲೆ ಉಪ್ಪುನೀರಿನಲ್ಲಿ ನೆನೆದ ಮೂಳೆಯಿಂದಲೂ ಡಿಎನ್‌ಎ ತೆಗೆಯುವ ಹೊಸ ವಿಧಾನವೊಂದನ್ನು ನಾನು ರೂಪಿಸಿದ್ದೆ. ಸತ್ತವರ ಗುರುತು ಹಿಡಿಯುವ ಹೊಸ ಸಂಶೋಧನೆಗೆಂದೇ ಒಂದು ಪ್ರಶಸ್ತಿ ಇದೆ. ಅದರ ಹಣ ಬಂದರೆ ಎಲ್ಲ ಪೆಟ್ಟಿಗೆಗಳನ್ನೂ ತೆರೆದು ಪರೀಕ್ಷಿಸಬಹುದು, ಬಾರದಿದ್ದರೆ ನನ್ನ ವಿಧಾನ ಕಪಾಟು ಸೇರುತ್ತದೆ. ಹಳೆಯ ವಿಧಾನ ಸೋತ ಒಂದು ಪ್ರಕರಣವನ್ನು ಹೊಸದು ಗೆದ್ದದ್ದನ್ನು ಅರ್ಜಿಯಲ್ಲಿ ತೋರಿಸಬೇಕಿತ್ತು.

ನಾನು ಆರಿಸಿದ್ದು ಮೀನುಬಲೆಗೆ ಸಿಕ್ಕಿದ್ದ ಒಂದು ತೊಡೆಮೂಳೆ. ಅದನ್ನು ಹಿಂದೆ ಪರೀಕ್ಷಿಸಿದವರು ಹಾಲ್ಡಿಸ್, ನನಗೆ ಈ ಕೆಲಸ ಕಲಿಸಿದ ಹಿರಿಯರು. ನಮ್ಮಲ್ಲಿ ಕೆಲಸ ಮಾಡುವ ಎಲ್ಲರ ಡಿಎನ್‌ಎ ಸಂಸ್ಥೆಯಲ್ಲಿ ಇರುತ್ತದೆ. ಮೂಳೆಯಲ್ಲಿ ನಮ್ಮವರ ಗುರುತು ಕಂಡರೆ ಎಂಜಲೋ ಬೆವರೋ ಬಿದ್ದಿದೆಯೆಂದು ತಿಳಿದು ಆ ಫಲಿತಾಂಶವನ್ನು ಬಿಟ್ಟುಬಿಡುತ್ತೇವೆ. ಆ ತೊಡೆಮೂಳೆಯಲ್ಲಿ ಅರೆಬರೆಯಾಗಿ ಕಂಡದ್ದು ಹಾಲ್ಡಿಸ್ ಅವರದೇ ಗುರುತು. ‘ಕಲಬೆರಕೆ’ ಎಂದು ಬರೆದು ಅವರೇ ಪೆಟ್ಟಿಗೆ ಮುಚ್ಚಿದ್ದರು. ಆ ನಾಚಿಕೆಗೆ ಆಮೇಲೆ ಎಷ್ಟೋ ಕಾಲ ಕೈಗವಸಿನ ಮೇಲೆ ಕೈಗವಸು ಹಾಕಿಕೊಳ್ಳುತ್ತಿದ್ದರು.

ಈಗ ಪರದೆಯಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು. ಪ್ರತಿ ಜಾಗದಲ್ಲೂ ಎರಡು ಗುರುತುಗಳಿರುತ್ತವೆ, ತಾಯಿಯದೊಂದು, ತಂದೆಯದೊಂದು. ಹಾಲ್ಡಿಸ್ ಕೈಯಿಂದ ಬಿದ್ದದ್ದಾಗಿದ್ದರೆ ಅವರ ಎರಡೂ ಕಾಣಬೇಕಿತ್ತು. ಅವರದು ಕಂಡದ್ದು ಒಂದೊಂದೇ, ಆದರೆ ಒಂದು ಜಾಗವೂ ತಪ್ಪಿರಲಿಲ್ಲ. ಹೆತ್ತವರು ಮತ್ತು ಮಕ್ಕಳ ನಡುವೆ ಮಾತ್ರ ಹೀಗಿರುತ್ತದೆ. ಮೂಳೆ ಗಂಡಸಿನದು, ಹಾಲ್ಡಿಸ್ ಅವರಿಗೆ ಮಕ್ಕಳಿಲ್ಲ.

ಹಾಲ್ಡಿಸ್ ಅವರ ತಂದೆಯ ಕಥೆ ನಮಗೆಲ್ಲ ಗೊತ್ತಿತ್ತು. ಹೆರಿಂಗ್ ಮೀನಿನ ದೋಣಿಯಲ್ಲಿ ದುಡಿಯುತ್ತಿದ್ದವರು, ಒಂದು ಸಲ ಹೋದವರು ತಿರುಗಿ ಬರಲಿಲ್ಲ. ಸಮುದ್ರದಾಚೆಯ ಗ್ರಿಮ್ಸ್‌ಬಿ ಬಂದರಿನಲ್ಲಿ ಇಳಿದು ಅಲ್ಲಿ ಒಬ್ಬಳ ಜೊತೆ ಸಂಸಾರ ಹೂಡಿದರೆಂದು ಯಾರೋ ಹೇಳಿದರು, ತಾಯಿ ನಂಬಿದರು. ಆದ್ದರಿಂದ ಕಾಣೆಯಾದವರೆಂದು ದೂರು ಕೊಟ್ಟವರೇ ಇಲ್ಲ. ಕ್ರಿಸ್‌ಮಸ್ ಊಟದ ಹೊತ್ತಿಗೆ ಹಾಲ್ಡಿಸ್ ಈ ಕಥೆಯನ್ನು ತಮಾಷೆಯಾಗಿ ಹೇಳುತ್ತಿದ್ದರು.

ಬೆಳಗ್ಗೆ ಅವರ ಕೋಣೆಗೆ ಹೋದಾಗ ಕಂದು ಚೀಸ್ ಹಚ್ಚಿದ ಬ್ರೆಡ್ಡಿನ ಪೊಟ್ಟಣ ಬಿಚ್ಚುತ್ತಿದ್ದರು. ಫಲಿತಾಂಶದ ಹಾಳೆಯನ್ನು ಮುಂದಿಟ್ಟೆ. ಅವರಿಗೆ ವಿವರಿಸಬೇಕಾಗಿರಲಿಲ್ಲ. ಬಹಳ ಹೊತ್ತು ನೋಡಿ, ತಮ್ಮ ರಕ್ತ ಹೊಸದಾಗಿ ತೆಗೆದುಕೊಂಡು ಇನ್ನೊಮ್ಮೆ ಪರೀಕ್ಷಿಸಲು ಹೇಳಿದರು. ಫಲಿತಾಂಶ ಬದಲಾಗಲಿಲ್ಲ.

"ಅಮ್ಮ ಸಾಯೋತನಕ ಅವನನ್ನ ಬಯ್ದಳು, ನಾನೂ ತಾಳ ಹಾಕ್ದೆ," ಎಂದರು. "ಅವನು ನೋಡಿದ್ರೆ ಇಲ್ಲೇ, ನನ್ನ ಕಾಲ ಕೆಳಗೇ ಇದ್ದ. ಮುಚ್ಚಳ ಹಾಕಿದವಳೂ ನಾನೇ."

ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟರು.

"ಆ ಗ್ರಿಮ್ಸ್‌ಬಿಯವಳ ಹತ್ರ ಕ್ಷಮೆ ಕೇಳ್ಬೇಕು ಕಣೇ ಗುನ್ವೋರ್. ಪಾಪ, ಅವಳು ಹುಟ್ಟೇ ಇರ್ಲಿಲ್ಲ."

ಅವರೇ ಪೊಲೀಸರಿಗೆ ಬರೆದರು. ತಮ್ಮ ತಪ್ಪನ್ನು ಸಂಸ್ಥೆಯಲ್ಲಿ ದಾಖಲಿಸಿದರು. ಆಮೇಲೆ, ಪ್ರಶಸ್ತಿಗೆ ಇದೇ ಪ್ರಕರಣ ಕಳಿಸು, ನನ್ನ ಒಪ್ಪಿಗೆ ಇದೆ ಎಂದರು. ಹಾಗೆನ್ನುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ. ಯಾರೋ ವಿಧಿಸಿದ ಶಿಕ್ಷೆಗೆ ಒಪ್ಪಿಕೊಂಡವರ ದನಿ ಅದು.

ನಿರ್ದೇಶಕ ಸಿಗ್‌ಬ್ಯೋರ್ನ್ ಅವರಿಗಂತೂ ಹಿಗ್ಗೋ ಹಿಗ್ಗು. "ವೇದಿಕೆ ಮೇಲೆ ಹಾಲ್ಡಿಸ್ ಅವರನ್ನೇ ನಿಲ್ಲಿಸೋಣಮ್ಮ. ಅಪ್ಪನ್ನ ಪೆಟ್ಟಿಗೇಲಿಟ್ಟು ಮರೆತ ಮಗಳು! ತೀರ್ಪುಗಾರರು ಕರವಸ್ತ್ರ ಹುಡುಕ್ತಾರೆ, ನೋಡ್ತಿರು."

ಅವರು ಕೆಟ್ಟವರಲ್ಲ. ನೆಲಮಾಳಿಗೆಯ ಪೆಟ್ಟಿಗೆಗಳ ಚಿಂತೆ ಅವರಿಗೂ ಇತ್ತು. ಆದರೆ ಆ ಮಾತು ನನಗೆ ಸರಿಕಾಣಲಿಲ್ಲ. ಹಾಲ್ಡಿಸ್ ಸಂಸ್ಥೆಗೆ ರಕ್ತ ಕೊಟ್ಟದ್ದು ಮೂಳೆಗಳಲ್ಲಿ ತಮ್ಮ ಗುರುತು ಬೆರೆತರೆ ಬೇರ್ಪಡಿಸಲೆಂದು, ಸಭೆಯ ಮುಂದೆ ಬಿಚ್ಚಿಡಲೆಂದಲ್ಲ. ಅರ್ಜಿ ಕಳಿಸುವ ಕೊನೆಯ ಸಂಜೆ ಯಾರಿಗೂ ಹೇಳದೆ ತೊಡೆಮೂಳೆಯ ಪುಟಗಳನ್ನು ತೆಗೆದು, ಕುತ್ತಿಗೆಯೆಲುಬೊಂದರ ಪ್ರಕರಣ ಸೇರಿಸಿ ಕಳಿಸಿದೆ. ಅದರ ಫಲಿತಾಂಶ ಸರಿಯಾಗಿತ್ತು, ಆದರೆ ಸಪ್ಪೆ.

ಪ್ರಶಸ್ತಿ ಹಲ್ಲುಗಳ ಮೇಲೆ ಕೆಲಸ ಮಾಡಿದ ಫಿನ್ಲೆಂಡಿನವರಿಗೆ ಹೋಯಿತು. ಸಿಗ್‌ಬ್ಯೋರ್ನ್ ಒಂದು ವಾರ ತೀರ್ಪುಗಾರರನ್ನು ಶಪಿಸಿ ಸುಮ್ಮನಾದರು.

ವಸಂತದಲ್ಲಿ, ತಾವು ಹುಟ್ಟಿದ ದ್ವೀಪದ ಚರ್ಚಿನ ಅಂಗಳದಲ್ಲಿ ಹಾಲ್ಡಿಸ್ ತಂದೆಯನ್ನು ಮಣ್ಣು ಮಾಡಿದರು. ಗೋರಿಕಲ್ಲಿನ ಮೇಲೆ ಇಂಗೆಬ್ರಿಕ್ಟ್ ಎಂದು ತಂದೆಯ ಹೆಸರಿತ್ತು. ಮರಳುವ ದೋಣಿಯಲ್ಲಿ ನನ್ನ ಪಕ್ಕ ಕುಳಿತು ಕೇಳಿದರು:

"ನಮ್ಮಪ್ಪನ್ನ ತೋರಿಸಿದ್ರೂ ಕೊಡ್ಲಿಲ್ವಲ್ಲೇ ಅವ್ರು. ಅವನೇನು ಅಷ್ಟು ಕಡಿಮೆಯವನಾ?"

ಪುಟಗಳನ್ನು ತೆಗೆದದ್ದು ನಾನೆಂದು ಹೇಳಿದರೆ, ತಮ್ಮಿಂದಾಗಿಯೇ ಉಳಿದ ಪೆಟ್ಟಿಗೆಗಳು ಮುಚ್ಚಿಕೊಂಡಿವೆ ಎಂಬ ಇನ್ನೊಂದು ಭಾರವನ್ನೂ ಅವರು ಹೊತ್ತುಕೊಳ್ಳುತ್ತಾರೆ. ಆ ಪೆಟ್ಟಿಗೆಗಳಲ್ಲೂ ಯಾರ ಯಾರದೋ ಅಪ್ಪಂದಿರಿದ್ದಾರೆ. ನಾನು ಮಾಡಿದ್ದು ಸರಿಯೆಂದು ಇಂದಿಗೂ ಹೇಳಲಾರೆ.

ಫಿನ್ಲೆಂಡಿನವರ ಕೆಲಸ ನಿಜಕ್ಕೂ ಚೆನ್ನಾಗಿತ್ತು ಎಂದೆ. ಅದು ಸುಳ್ಳಲ್ಲ. ಅವರು ತಲೆಯಾಡಿಸಿ ಶಾಲು ಬಿಗಿದುಕೊಂಡರು. ಉಳಿದದ್ದನ್ನು ಅವರಿಗಾಗಲಿ, ಸಿಗ್‌ಬ್ಯೋರ್ನ್‌ಗಾಗಲಿ, ಮನೆಯಲ್ಲಾಗಲಿ ಹೇಳುವುದಿಲ್ಲವೆಂದು ಆ ದೋಣಿಯಲ್ಲೇ ತೀರ್ಮಾನಿಸಿದೆ.