ಉಳಿದರ್ಧ ನಮ್ಮದು

ಹನ್ನೊಂದು ವರ್ಷದಲ್ಲಿ ಹತ್ತೊಂಬತ್ತು ಜನ. ನಮ್ಮ ಭಾಷೆ ಕಲಿಯಲೆಂದು ದೂರದೇಶಗಳಿಂದ ಬಂದು, ನಮ್ಮ ಹಿಂದಿನ ಕೋಣೆಯಲ್ಲಿ ಇಳಿದುಕೊಂಡು, ನಮ್ಮ ಜೊತೆ ಉಂಡು ಹೋದವರು ಇಷ್ಟು ಮಂದಿ. ಭಾಷಾ ಶಾಲೆಯವರದು ಒಂದೇ ಷರತ್ತು: ಕೋಣೆ, ಊಟ ಕೊಟ್ಟರೆ ಸಾಲದು, ದಿನಾ ಸಂಜೆ ಒಂದು ಗಂಟೆ ಅವರ ಜೊತೆ ಕೂತು ಮಾತಾಡಬೇಕು. ಮಾತಾಡುವುದು ಅದೇನು ಮಹಾ ಅಂತೀರಾ? ಆಸ್ಪತ್ರೆಯ ಲಾಂಡ್ರಿಯಲ್ಲಿ ಎಂಟು ಗಂಟೆ ನಿಂತು, ಒದ್ದೆ ಬೆಡ್‌ಶೀಟುಗಳನ್ನು ಒಂದರ ಹಿಂದೊಂದು ಇಸ್ತ್ರಿ ಮಾಡುವ ಬಿಸಿ ರೋಲರಿನ ಬಾಯಿಗೆ ಕೊಟ್ಟು, ಬಾತ ಕಾಲು ಎಳೆದುಕೊಂಡು ಮನೆಗೆ ಬನ್ನಿ. ಆಮೇಲೆ "ನಾನು... ಇವತ್ತು... ಮಾರ್ಕೆಟ್ಟಿಗೆ..." ಎನ್ನುವವರ ಮುಖ ನೋಡುತ್ತ ಕೂತು ನೋಡಿ. ಗೊತ್ತಾಗುತ್ತದೆ.

ಅದಕ್ಕೇ ಹತ್ತೊಂಬತ್ತನೆಯವಳು ಬಂದ ದಿನವೇ ಯಜಮಾನರಿಗೆ ಹೇಳಿಬಿಟ್ಟಿದ್ದೆ. "ರೀ, ಇವಳೇ ಕೊನೆ. ಇನ್ಮೇಲೆ ನನ್ನ ಕೈಲಾಗಲ್ಲ."

ಅವರು ಬಸ್ ಓಡಿಸುವವರು. ದಿನವಿಡೀ ಜನರ ಕೂಗಾಟ ಕೇಳಿ ಕೇಳಿ ಮನೆಯಲ್ಲಿ ಮಾತೇ ಕಡಿಮೆ. "ಆಯ್ತು, ಹಾಗಾದ್ರೆ ಆ ಕೋಣೆ..." ಎಂದರು.

"ನಿಮ್ಮಮ್ಮನಿಗೆ ಕೊಡೋಣ," ಎಂದು ನಾನು ಮುಗಿಸಿದೆ.

ನಮ್ಮ ಮನೆಯ ರೋಗವೇ ಇದು. ಇಲ್ಲಿ ಒಬ್ಬರು ಮಾತು ಶುರುಮಾಡಿದರೆ ಇನ್ನೊಬ್ಬರು ಮುಗಿಸುತ್ತಾರೆ. ಎಂಬತ್ತು ದಾಟಿದ ನಮ್ಮತ್ತೆಯಂತೂ ನೀವು ಉಸಿರು ಎಳೆದುಕೊಳ್ಳುವಷ್ಟರಲ್ಲಿ ನಿಮ್ಮ ಮಾತಿನ ಬಾಲ ಹಿಡಿದಿರುತ್ತಾರೆ. ಮೂವತ್ತು ವರ್ಷದ ಹಿಂದೆ ನಮ್ಮ ಯಜಮಾನರು ನನ್ನ ಮುಂದೆ ನಿಂತು "ನೀನು ನನ್ನನ್ನ..." ಎಂದು ತಡವರಿಸಿದಾಗ, "ಮದುವೆ ಆಗ್ತೀನಿ ಬಿಡಿ," ಎಂದವಳು ನಾನೇ. ಆವತ್ತು ನಿಜವಾಗಿ ಏನು ಕೇಳಬೇಕೆಂದಿದ್ದರೋ ಪುಣ್ಯಾತ್ಮ, ಇವತ್ತಿನವರೆಗೂ ವಿಚಾರಿಸುವ ಧೈರ್ಯ ನನಗಾಗಿಲ್ಲ.

ಬಂದವಳಿಗೆ ಮೂವತ್ತನಾಲ್ಕು ವರ್ಷ. ಅವಳ ದೇಶದಲ್ಲಿ ಹತ್ತು ವರ್ಷ ನರ್ಸ್ ಕೆಲಸ ಮಾಡಿದವಳು. ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಗಬೇಕಾದರೆ ನಮ್ಮ ಭಾಷೆಯ ಮಾತಿನ ಪರೀಕ್ಷೆ ಪಾಸಾಗಬೇಕು. ಕೆಲಸ ಸಿಕ್ಕಿದರೆ ಮಗಳನ್ನು ಕರೆಸಿಕೊಳ್ಳಬಹುದು. ಐದು ವರ್ಷದ ಆ ಮಗುವನ್ನು ತಂಗಿಯ ಮನೆಯಲ್ಲಿ ಬಿಟ್ಟು ಬಂದಿದ್ದಳು. ಪರೀಕ್ಷೆಗೆ ಎರಡೇ ಅವಕಾಶ. ಎರಡೂ ಹೋದರೆ ವೀಸಾ ಮುಗಿಯುತ್ತದೆ, ಬರಿಗೈಲಿ ವಾಪಸ್ಸು. ಅತ್ತೆ ಅವಳಿಗೆ ನರ್ಸಮ್ಮ ಎಂದು ಹೆಸರಿಟ್ಟರು. ಅವಳು ನನ್ನನ್ನು ಅಕ್ಕ ಎಂದಳು, ಅತ್ತೆಯನ್ನು ಅಜ್ಜಿ ಎಂದಳು.

ಮೊದಲ ಸಂಜೆ ಊಟಕ್ಕೆ ಕೂತಾಗ ಶಾಲೆಯವರು ಹೇಳಿಕೊಟ್ಟ ಹಾಗೆ ಮನೆಯವರ ಬಗ್ಗೆ ಹೇಳಲು ಹೊರಟಳು. "ನನ್ನ ಗಂಡ..." ಎಂದು ಮಾತು ಹುಡುಕುತ್ತ ಅತ್ತೆಯ ಮುಖ ನೋಡಿದಳು.

"ಊರಲ್ಲಿದಾನೆ," ಎಂದರು ಅತ್ತೆ. "ಮಗು ನೋಡ್ಕೊಳ್ಳೋಕೆ ತಂಗೀಗೆ ಸಹಾಯ ಮಾಡ್ತಾನೆ. ಹೌದಲ್ವಾ?"

ಅವಳು ತಲೆಯಾಡಿಸಿದಳು. ಅಲ್ಲಿಂದ ಪ್ರತಿ ಭಾನುವಾರ ಅವಳು ಊರಿಗೆ ಫೋನ್ ಮಾಡಿ ಬಂದಾಗ ಅತ್ತೆ ತಪ್ಪದೆ ಕೇಳುತ್ತಿದ್ದರು, "ಗಂಡ ಹೇಗಿದಾನೆ ನರ್ಸಮ್ಮ?" ಅವಳು "ಚೆನ್ನಾಗಿ..." ಎಂದರೆ, "ಇದಾನಾ, ಅಷ್ಟು ಸಾಕು," ಎಂದು ಅವರೇ ಮುಗಿಸುತ್ತಿದ್ದರು.

ಏಳು ತಿಂಗಳು ಹೀಗೇ ಕಳೆಯಿತು. ಸಂಜೆಯ ಒಂದು ಗಂಟೆ ನಮ್ಮ ಮನೆಯಲ್ಲಿ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಅರ್ಧ ಅವಳು ಹೇಳಿದರೆ ಉಳಿದರ್ಧ ನಾವು ಹೇಳಿಬಿಡುತ್ತಿದ್ದೆವು. ನಾನು ಬೇಗ ಕಾಲು ಚಾಚಬಹುದಿತ್ತು. ಎಲ್ಲ ಸುಸೂತ್ರವಾಗಿದೆ ಎಂದೇ ನಾನು ಅಂದುಕೊಂಡಿದ್ದು.

ಮೊದಲ ಪರೀಕ್ಷೆಯಲ್ಲಿ ನರ್ಸಮ್ಮ ಫೇಲಾದಳು.

ಮರುದಿನ ಶಾಲೆಯ ಟೀಚರಮ್ಮ ನನ್ನನ್ನು ಕರೆಸಿದಳು. ನಿನ್ನೆ ಮೊನ್ನೆ ಕಾಲೇಜು ಮುಗಿಸಿದ ಹುಡುಗಿ.

"ಮನೇಲಿ ಇವರ ಹತ್ರ ಮಾತಾಡ್ತೀರಾ?" ಎಂದು ಕೇಳಿದಳು.

"ಮಾತಾಡ್ದೆ ಇರ್ತೀವಾ? ನಮ್ಮತ್ತೆ ಮಾತು ನಿಲ್ಸಿದ್ರೆ ಡಾಕ್ಟರನ್ನೇ ಕರೀಬೇಕಾಗುತ್ತೆ."

"ನೀವು ಮಾತಾಡ್ತೀರಿ ಸರಿ. ಇವರಿಗೆ ಬಿಡ್ತೀರಾ? ಪರೀಕ್ಷೇಲಿ ಪ್ರತಿಯೊಂದು ಮಾತನ್ನೂ ಅರ್ಧ ಹೇಳಿ ನನ್ನ ಮುಖ ನೋಡಿದ್ರು. ಯಾರೋ ಬಂದು ಮುಗಿಸ್ತಾರೇನೋ ಅನ್ನೋ ಹಾಗೆ ಕಾಯ್ತಾ ಇದ್ರು. ಪದ ಎಲ್ಲಾ ಗೊತ್ತು ಅವರಿಗೆ. ಮಾತು ಮುಗ್ಸೋ ಅಭ್ಯಾಸವೇ ಇಲ್ಲ."

ನನ್ನ ಮೈ ಉರಿದುಹೋಯಿತು. ಹನ್ನೊಂದು ವರ್ಷ ಜೀವ ತೇಯ್ದದ್ದಕ್ಕೆ ಇದಾ ಮರ್ಯಾದೆ? ಬಾಯಿಗೆ ಬಂದದ್ದನ್ನು ಅಂದು ಎದ್ದು ಬಂದೆ. ಆದರೆ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಾಗ ಕೋಪ ಇಳಿಯಿತು. ಆ ಹುಡುಗಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಾನು ಅವಳ ಮಾತು ಮುಗಿಸುತ್ತಿದ್ದುದು ಪ್ರೀತಿಯಿಂದಲ್ಲ, ಸುಸ್ತಿನಿಂದ.

ಎರಡನೇ ಪರೀಕ್ಷೆಗೆ ಆರು ವಾರವಿತ್ತು. ಆ ಸಂಜೆಯೇ ಮನೆಯಲ್ಲಿ ಕಟ್ಟಪ್ಪಣೆ ಮಾಡಿದೆ: ನರ್ಸಮ್ಮ ಬಾಯಿ ತೆರೆದರೆ ಅವಳ ಮಾತು ಪೂರ್ತಿ ಆಗುವ ತನಕ ಯಾರೂ ತುಟಿ ಪಿಟಕ್ ಎನ್ನಕೂಡದು.

ಹೇಳಿದಷ್ಟು ಸುಲಭವೇ? ಮಾತು ತಡೆಯಲಾಗದೆ ಅತ್ತೆ ಬಾಯಿಗೆ ಬಿಸ್ಕತ್ತು ತುರುಕಿಕೊಳ್ಳತೊಡಗಿದರು. ಎರಡು ದಿನಕ್ಕೊಂದು ಪೊಟ್ಟಣ ಖಾಲಿ. ಯಜಮಾನರು ಕಿಟಕಿ ಕಡೆ ಮುಖ ಮಾಡಿ ಕೂರುತ್ತಿದ್ದರು. ನರ್ಸಮ್ಮನೋ, ಅರ್ಧ ಹೇಳಿ ನಮ್ಮನ್ನು ನೋಡುವಳು. ನಾವು ಅವಳನ್ನು ನೋಡುವೆವು. ಅವಳ ಕಣ್ಣಲ್ಲಿ ನೀರು ತುಂಬುತ್ತಿತ್ತು, ನನ್ನ ಕಾಲು ಪದ ಹಾಡುತ್ತಿತ್ತು. ತಟ್ಟೆಯಲ್ಲಿದ್ದ ಊಟ ತಣ್ಣಗಾಗುತ್ತಿತ್ತು.

ಎರಡನೇ ವಾರ ಒಂದು ದಿನ ರೋಲರಿನ ಹತ್ತಿರ ನನ್ನ ಜೊತೆಗಾತಿ ರಜೆ ಹಾಕಿದ್ದಳು. ಇಬ್ಬರ ಕೆಲಸ ಒಬ್ಬಳೇ ಮಾಡಿ ಬಂದಿದ್ದೆ. ಊಟಕ್ಕೆ ಕೂತಾಗ ನರ್ಸಮ್ಮ "ನಾನು... ಇವತ್ತು... ಬಸ್ಸಿನಲ್ಲಿ..." ಎಂದು ನಿಲ್ಲಿಸಿ ನನ್ನನ್ನೇ ನೋಡಿದಳು. ನೋಡುತ್ತಲೇ ಇದ್ದಳು.

"ಅದೇನಿದ್ಯೋ ಬೇಗ ಉಗುಳು ತಾಯಿ!" ಎಂದು ಚಮಚ ಕುಕ್ಕಿದೆ. "ನನ್ನ ಕಾಲು ಬಿದ್ದುಹೋಗ್ತಿದೆ ಇಲ್ಲಿ!"

ಅವಳು ತಟ್ಟೆ ಎತ್ತಿಕೊಂಡು ಎದ್ದುಹೋದಳು. ಅತ್ತೆ ಬಿಸ್ಕತ್ತಿನ ಬಾಯಲ್ಲೇ ನನ್ನನ್ನು ಬೈದರು. ಎಲುಬಿಲ್ಲದ ನಾಲಿಗೆ ನನ್ನದು. ಆಡಿಬಿಟ್ಟಿದ್ದೆ, ಮಾತು ಆಡಿದರೆ ಹೋಯಿತು.

ಮರುದಿನ ನಾನು ಕೆಲಸದಿಂದ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದೆ. ನರ್ಸಮ್ಮ ಬಂದವಳೇ ನನ್ನ ಚಪ್ಪಲಿ ಬಿಚ್ಚಿ, ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಬೇಡ ಬೇಡ ಎಂದರೂ ಕೇಳಲಿಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಒತ್ತಿದ ಕಡೆ ಗುಳಿ ಬಿತ್ತು. ತಾನೇ ತಂದಿದ್ದ ಅಗಲವಾದ ಬ್ಯಾಂಡೇಜನ್ನು ಪಾದದಿಂದ ಮೇಲಕ್ಕೆ ಸುತ್ತತೊಡಗಿದಳು. ಅವಳ ಕಣ್ಣು ಕಾಲಿನ ಮೇಲಿತ್ತು, ನನ್ನ ಮುಖದ ಮೇಲಲ್ಲ.

"ಅಕ್ಕ, ಈ ಕಾಲು ಸರಿ ಇಲ್ಲ," ಎಂದಳು. "ರಕ್ತ ಮೇಲೆ ಹೋಗೋದಿಲ್ಲ. ದಿನಾ ಹೀಗೆ ಕಟ್ಟಬೇಕು."

ನನಗೆ ಆಶ್ಚರ್ಯ. ಮೂರು ಮಾತು, ಮೂರನ್ನೂ ತಾನೇ ಮುಗಿಸಿದ್ದಳು. ಉಸಿರು ಬಿಗಿಹಿಡಿದು ಕೂತೆ.

"ನನ್ನ ಗಂಡನಿಗೂ ಹೀಗೇ ಬಾತಿತ್ತು," ಎಂದಳು, ಇನ್ನೊಂದು ಸುತ್ತು ಸುತ್ತುತ್ತ. "ಅವನು ಸತ್ತು ಮೂರು ವರ್ಷ ಆಯ್ತು."

ಅಯ್ಯೋ ದೇವರೇ! ಏಳು ತಿಂಗಳಿಂದ, ಪ್ರತಿ ಭಾನುವಾರ, ಸತ್ತವನ ಕ್ಷೇಮಸಮಾಚಾರ ಕೇಳಿದ್ದೆವು ನಾವು. ಅವಳ ಗಂಡನಿಗೆ ಜೀವ ಕೊಟ್ಟು, ಊರಲ್ಲಿ ಕೂರಿಸಿ, ಮಗು ಆಡಿಸಲು ಹಚ್ಚಿದವರು ನಾವೇ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ಮೊದಲು ನನಗೆ ಮಾತು ಬರ್ತಿರ್ಲಿಲ್ಲ. ಆಮೇಲೆ ಬಂತು. ಆದ್ರೆ... ಅಜ್ಜಿ ಪ್ರತಿ ವಾರ ಕೇಳ್ತಿದ್ರು, ಹೇಗಿದಾನೆ ಅಂತ. ಊರಲ್ಲಿ ಈಗ ಯಾರೂ ಅವನ ಬಗ್ಗೆ ಕೇಳಲ್ಲ. ಅಜ್ಜಿ ಕೇಳಿದ್ರೆ ಚೆನ್ನಾಗನ್ನಿಸ್ತಿತ್ತು." ಬ್ಯಾಂಡೇಜಿನ ತುದಿಯನ್ನು ಮಡಿಸಿ ಸಿಕ್ಕಿಸಿದಳು. "ಪರೀಕ್ಷೇಲೂ ಕೇಳಿದ್ರು, ಗಂಡ ಏನ್ಮಾಡ್ತಾರೆ ಅಂತ. ಯಾವುದು ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ."

ಅತ್ತೆಗೆ ವಿಷಯ ತಿಳಿದಾಗ "ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ!" ಎಂದು ಹಣೆ ಚಚ್ಚಿಕೊಂಡು ಅತ್ತರು. ಆಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಗಂಡ ಎಂಥವನಿದ್ದ ಎಂದು ಕೇಳಿ, ಬಿಸ್ಕತ್ತಿಲ್ಲದೆಯೇ ಬಾಯಿ ಮುಚ್ಚಿಕೊಂಡು ಪೂರ್ತಿ ಕೇಳಿಸಿಕೊಂಡರು. ಅವನು ಮರಗೆಲಸದವನಂತೆ. ಹಾಡು ಬರದಿದ್ದರೂ ಹಾಡುತ್ತಿದ್ದನಂತೆ.

ಅಲ್ಲಿಂದ ನಮ್ಮ ಸಂಜೆಯ ಪಾಠ ನನ್ನ ಕಾಲ ಬುಡಕ್ಕೆ ಬಂತು. ನರ್ಸಮ್ಮ ಕಟ್ಟು ಬಿಚ್ಚುವಳು, ಒತ್ತುವಳು, ಮತ್ತೆ ಸುತ್ತುವಳು. ಕೈ ತನ್ನ ಕೆಲಸದಲ್ಲಿದ್ದರೆ ಬಾಯಿಯೂ ತನ್ನ ಕೆಲಸ ಮಾಡುತ್ತಿತ್ತು. ನಿಧಾನವೇ, ಆದರೆ ಎಲ್ಲ ಅವಳದೇ ಮಾತು. ನನಗೆ ಅಲ್ಲೇ ತೂಕಡಿಕೆ ಬರುತ್ತಿತ್ತು. ಆಗ ಅವಳು ಮೊಣಕಾಲು ತಟ್ಟಿ "ಅಕ್ಕ, ಇನ್ನೂ ಮುಗಿದಿಲ್ಲ," ಎಂದು ಗದರುತ್ತಿದ್ದಳು. ಪರೀಕ್ಷೆಯ ದಿನ ಕೈಯಲ್ಲಿಟ್ಟುಕೊಂಡು ಸುತ್ತುತ್ತಿರು ಎಂದು ಒಂದು ಬ್ಯಾಂಡೇಜ್ ಕೊಟ್ಟು ಕಳಿಸಿದೆ. ಪಾಸಾದಳು. ಟೀಚರಮ್ಮ ನನಗೇ ಫೋನ್ ಮಾಡಿ ಹೇಳಿದಳು. ನಾನೂ ಹಳೆಯದನ್ನು ಹೊಟ್ಟೆಗೆ ಹಾಕಿಕೊಂಡು ಥ್ಯಾಂಕ್ಸ್ ಅಂದೆ.

ಆಸ್ಪತ್ರೆಯ ಕೆಲಸದ ಪತ್ರ ಬಂದದ್ದು ಒಂದು ಶನಿವಾರ. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಯಜಮಾನರು ಅಟ್ಟದಿಂದ ಹಳೆಯ ಸಣ್ಣ ಮಂಚ ಇಳಿಸಿ, ಅಲುಗಾಡುತ್ತಿದ್ದ ಕಾಲಿಗೆ ಮೊಳೆ ಹೊಡೆದರು. ಅತ್ತೆ ತಮಗೆ ಆ ಕೋಣೆ ಬೇಡವೇ ಬೇಡ ಎಂದುಬಿಟ್ಟರು. ಇವಳೇ ಕೊನೆ ಎಂದಿದ್ದ ನಾನೇ, ಬೇರೆ ಮನೆ ಸಿಗುವ ತನಕ ತಾಯಿ ಮಗಳು ಇಬ್ಬರೂ ಇಲ್ಲೇ ಇರಲಿ ಎಂದೆ. ದೇಹ ಒಲ್ಲೆನೆಂದರೂ ಬಾಯಿ ಅಂದುಬಿಟ್ಟಿತು.

ಭಾನುವಾರ ಮಧ್ಯಾಹ್ನ ನರ್ಸಮ್ಮ ಊರಿಗೆ ಫೋನ್ ಮಾಡಲು ಕೋಣೆಗೆ ಹೋದಳು. ಎಂದಿಗಿಂತ ಬೇಗ ಹೊರಗೆ ಬಂದಳು. ನಾವು ಮೂವರೂ ಮೇಜಿನ ಸುತ್ತ ಕಾಯುತ್ತಿದ್ದೆವು; ಮಂಚದ ಕೆಲಸ ಇನ್ನೂ ಮುಗಿಯದ ಯಜಮಾನರ ಕೈಯಲ್ಲಿ ಸುತ್ತಿಗೆಯಿತ್ತು.

"ನನ್ನ ಮಗಳು..." ಎಂದಳು.

ಕುಣಿದಾಡಿಬಿಟ್ಟಳು, ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಯಾವಾಗ ಬರೋದು ಅಂತ ಕೇಳಿದಳು, ಎಂದು ಅತ್ತೆಯ ತುಟಿ ಅಲುಗುತ್ತಿತ್ತು. ಆದರೂ ಯಾರೂ ಬಾಯಿ ಬಿಡಲಿಲ್ಲ.

"ನನ್ನ ಮಗಳು, ಅಮ್ಮನ್ನ ಬಿಟ್ಟು ನಾನು ಎಲ್ಲಿಗೂ ಬರಲ್ಲ ಅಂದ್ಲು," ಎಂದಳು. "ಅಮ್ಮ ಅಂದ್ರೆ ನನ್ನ ತಂಗಿ."

ಎಲ್ಲೂ ತಡವರಿಸಲಿಲ್ಲ. ಒಂದು ತಪ್ಪೂ ಇರಲಿಲ್ಲ.

ಯಜಮಾನರು ಸುತ್ತಿಗೆಯನ್ನು ಸದ್ದಾಗದಂತೆ ನೆಲಕ್ಕಿಟ್ಟರು. ಮಕ್ಕಳು ಹಾಗೇ ಅಂತಾವೆ, ಇಲ್ಲಿಗೆ ಬಂದ ಮೇಲೆ ಸರಿಹೋಗುತ್ತೆ, ನಾಲ್ಕು ದಿನ ಅತ್ತು ಮರೆಯುತ್ತೆ: ಹೇಳಲು ನನ್ನ ಹತ್ತಿರ ಬೇಕಾದಷ್ಟಿತ್ತು. ಒಂದನ್ನೂ ಹೇಳಲಿಲ್ಲ. ಎದ್ದು ಅವಳಿಗೆ ಕುರ್ಚಿ ಎಳೆದುಕೊಟ್ಟೆ.

"ಇನ್ನೂ ಏನಂದ್ಲು, ನೀನೇನಂದೆ, ಎಲ್ಲಾ ಹೇಳು," ಎಂದೆ. "ಎಷ್ಟು ಹೊತ್ತಾದ್ರೂ ಆಗ್ಲಿ."

ಅವಳು ಕೂತಳು. ಬಹಳ ಹೊತ್ತು ಬರೀ ಅತ್ತಳು. ನಾವು ಕಾದೆವು.