ಹಾಲಿನ ಗಂಟೆಯಾದ ತೋಪಿನ ಕೊಳವೆ

ನಾನು ಒಂದು ಹಿತ್ತಾಳೆ ಕೊಳವೆ. ತೋಪಿನ ಗುಂಡು ಹಾರಿಹೋದ ಮೇಲೆ ಹಿಂದೆ ಉಳಿಯುವ ಖಾಲಿ ಚಿಪ್ಪು ಅಂದರೆ ನಾನೇ. ಕಾರ್ಖಾನೆಯಲ್ಲಿ ಕಾಯಿಸಿ, ಎಳೆದು, ತಳಕ್ಕೆ ಅಂಕಿ-ಅಕ್ಷರ ಒತ್ತಿ ನನ್ನನ್ನು ಮಾಡಿದರು. ಹೊಟ್ಟೆಗೆ ಮದ್ದು ತುಂಬಿದರು. ಬದುಕಿನಲ್ಲಿ ಒಂದೇ ಸಲ ಸಿಡಿಯುವ ಕೆಲಸ ನನ್ನದು. ಎಪ್ಪತ್ತೊಂದರ ಯುದ್ಧದಲ್ಲಿ ಅದನ್ನು ಮಾಡಿ ಮುಗಿಸಿದೆ. ಗುಂಡು ಎಲ್ಲಿ ಬಿತ್ತೋ ನಾನು ನೋಡಲಿಲ್ಲ. ನಾನಂತೂ ಕೆಸರಿನಲ್ಲಿ ಬಿದ್ದೆ.

ನನ್ನನ್ನು ಎತ್ತಿಕೊಂಡವನು ತೋಪು ನಡೆಸುತ್ತಿದ್ದ ಸಿಪಾಯಿ ಜಿನ್ನಪ್ಪ. ಹವಾಲ್ದಾರನಾಗಿ ನಿವೃತ್ತನಾದಾಗ ನನ್ನನ್ನೂ ಒಂದು ಕಬ್ಬಿಣದ ಟೊಪ್ಪಿಗೆಯನ್ನೂ ಪದಕಗಳ ಡಬ್ಬಿಯನ್ನೂ ರಾಯಬಾಗದ ಕಡೆಯ ತನ್ನ ಹಳ್ಳಿಗೆ ತಂದ. ಭಾನುವಾರ ಬಂತೆಂದರೆ ಹುಣಸೆಹಣ್ಣು ಹಚ್ಚಿ ನಮ್ಮನ್ನು ತಿಕ್ಕುತ್ತಿದ್ದ. ಮಗ ಪಾರಿಸ ಮುಟ್ಟಲು ಬಂದರೆ ಬೆನ್ನಿಗೊಂದು ಬೀಳುತ್ತಿತ್ತು.

ಊರಿಗೆ ಹಾಲಿನ ಡೇರಿ ಬಂತು. ವ್ಯಾನು ಬರುವ ಹೊತ್ತನ್ನು ಹೆಂಗಸರಿಗೆ ತಿಳಿಸಲು ಒಂದು ಗಂಟೆ ಬೇಕಿತ್ತು. ಜಿನ್ನಪ್ಪ ನನ್ನ ತಳಕ್ಕೆ ತೂತು ಹೊಡೆದು, ಸರಪಳಿ ಹಾಕಿ, ಡೇರಿಯ ಮುಂದಿನ ಬೇವಿನ ಮರಕ್ಕೆ ತಲೆಕೆಳಗಾಗಿ ತೂಗುಹಾಕಿದ. ಬೋಲ್ಟಿನಿಂದ ಹೊಡೆದರೆ ನನ್ನ ದನಿ ಹೊಳೆಯ ಆಚೆಗೂ ಕೇಳುತ್ತಿತ್ತು. ನಿಜ ಹೇಳುತ್ತೇನೆ, ಯುದ್ಧದಲ್ಲೂ ನನಗಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ಪಾರಿಸ ದೊಡ್ಡವನಾಗಿ ಮಿಲಿಟರಿ ಭರ್ತಿಗೆ ಹೋದ. ಎದೆಯಳತೆ ಸಾಲದೆಂದು ವಾಪಸು ಕಳಿಸಿದರು. ಜಿನ್ನಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಮಗನ ಜೊತೆ ಮಾತು ನಿಲ್ಲಿಸಿ, ತಾನು ಮನೆಗೆ ಬಂದಾಗ ಬಾಗಿಲಲ್ಲಿ ನಿಂತು ಒಣಗಿದ ಕೆಮ್ಮೊಂದನ್ನು ಕೆಮ್ಮುತ್ತಿದ್ದ, ಠಪ್, ಠಪ್ ಎಂದು. ಅದು ಕೇಳಿದೊಡನೆ ಪಾರಿಸ ಹಿತ್ತಲ ಬಾಗಿಲಿನಿಂದ ಹೊರಟುಹೋಗುತ್ತಿದ್ದ. ಹೀಗೇ ಇಬ್ಬರೂ ಮುದುಕರಾಗುತ್ತ ಬಂದರು. ಒಂದು ಮಳೆಗಾಲದಲ್ಲಿ ಜಿನ್ನಪ್ಪ ಸತ್ತ. ಗಂಟೆ ಹೊಡೆಯುವ ಕೆಲಸ ಮಗನಿಗೆ ಬಂತು. ಅಪ್ಪನ ಮೇಲಿನ ಸಿಟ್ಟನ್ನೆಲ್ಲ ಅವನು ನನ್ನ ಮೈಮೇಲೆ ತೀರಿಸಿಕೊಂಡ. ನನ್ನ ಮೈತುಂಬ ತಗ್ಗು ಬಿದ್ದವು.

ಆಗ ಬಂದವನು ಕೊಲ್ಹಾಪುರದ ಮೋಹಿತೆ. ಹಳೆಯ ಮಿಲಿಟರಿ ಸಾಮಾನು ಕೊಂಡು ಶ್ರೀಮಂತರಿಗೆ ಮಾರುವ ವ್ಯಾಪಾರಿ. ಎಲ್ಲವನ್ನೂ ಕೊಟ್ಟರೆ ಒಳ್ಳೆಯ ಬೆಲೆ ಕೊಡುತ್ತೇನೆಂದ. ಪಾರಿಸನಿಗೆ ಬೇಕಾದದ್ದು ದುಡ್ಡಲ್ಲ. ಗೋಡೆಯ ಗೂಡಿನಿಂದ ತನ್ನನ್ನೇ ದಿಟ್ಟಿಸುವ ಆ ಪದಕಗಳು ಕಣ್ಣೆದುರಿನಿಂದ ತೊಲಗಬೇಕಿತ್ತು. ಆದರೂ ಹೂಂ ಅನ್ನಲು ಬಾಯಿ ಬರಲಿಲ್ಲ. ಅವ್ವ ಪದ್ಮವ್ವನನ್ನು ಕೇಳಿದ.

"ಮಾರಲ್ಯಾ, ಬ್ಯಾಡ್ಯಾ, ಅವ್ವಾ?"

"ನನ್ನೇನ ಕೇಳ್ತಿ? ನಿಮ್ಮಪ್ಪ ಅವನ್ನ ತಿಕ್ಕಿದಂಗ ಒಂದಿನಾ ನನ್ನ ಬೆನ್ನ ತಿಕ್ಕಲಿಲ್ಲ. ಮಾರಿ ಒಗಿ."

"ಮಂದಿ ಏನಂದಾರು?"

"ಮಂದಿ ಬಂದು ಧೂಳಾ ಹೊಡದು ಹೋಗ್ತಾರೇನು?"

ಮೋಹಿತೆ ಮತ್ತೆ ಬಂದಾಗ ಪಾರಿಸ ಒಲ್ಲೆ ಅಂದ. ಅವನು ಊರು ದಾಟುವ ಮೊದಲೇ ಫೋನು ಮಾಡಿ ಹೂಂ ಅಂದ. ಮರುದಿನ ಮತ್ತೆ ಒಲ್ಲೆ. ಮಾರುವುದಾದರೆ ಮಾರು, ಇಡುವುದಾದರೆ ಇಡು ಎಂದು ನಾನು ಮರದಲ್ಲಿ ತೂಗಾಡುತ್ತ ಕುದಿಯುತ್ತಿದ್ದೆ. ಎಷ್ಟೋ ವಾರ ಹೀಗೆ ನಡೆದು, ಕೊನೆಗೆ ಒಂದು ದಿನ ಹೂಂ ಗಟ್ಟಿಯಾಯಿತು.

ಮಾರುವ ಸಾಮಾನು ನೆಟ್ಟಗಿರಬೇಕೆಂದು ಅವನ ತಲೆಗೆ ಹೊಕ್ಕಿತು. ನನ್ನನ್ನು ಇಳಿಸಿ ಪಾತ್ರೆ ರಿಪೇರಿಯವನ ಹತ್ತಿರ ಒಯ್ದ. ಅವನೂ ಅಷ್ಟೇ ಹುರುಪಿನ ಮನುಷ್ಯ. ನನ್ನನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ, ತಗ್ಗುಗಳನ್ನು ಬಡಿದು ಎಬ್ಬಿಸಿ, ತಳವನ್ನು ಅರದಿಂದ ಉಜ್ಜಿ ಕನ್ನಡಿ ಮಾಡಿದ. ನನ್ನ ಅಂಕಿ-ಅಕ್ಷರ ಅರದ ಪುಡಿಯಾಗಿ ಹೋದವು. ಕಾದು ಮೆತ್ತಗಾದ ಹಿತ್ತಾಳೆಯಲ್ಲಿ ದನಿಯೂ ಉಳಿಯಲಿಲ್ಲ. ಪಾರಿಸ ಮಾತ್ರ ನನ್ನನ್ನು ಮದುಮಗನ ಹಾಗೆ ಎತ್ತಿಕೊಂಡು ಮನೆಗೆ ಬಂದ.

ಮೋಹಿತೆ ಬಂದು ಕೂತ. ಪದಕದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ. ನನ್ನನ್ನು ತಿರುಗಿಸಿ ನೋಡಿ ಹಣೆ ಚಚ್ಚಿಕೊಂಡ.

"ಏನ ಮಾಡಿಟ್ಟೀರಿ ದಾದಾ? ತಗ್ಗ ಇದ್ರ ನಡೀತಿತ್ತು, ತೂತ ಇದ್ರ ನಡೀತಿತ್ತು. ಅಕ್ಷರಾನ ಇಲ್ಲಲ್ಲ. ಈಗಿದು ಬರೇ ಮೋಡಕಾ. ಇದನ್ನ ಬಿಟ್ಟು ಉಳದದ್ದು ಒಯ್ತೀನಿ."

ಮೋಡಕಾ ಅಂದರೆ ಗುಜರಿ. ಸಾಲದೆಂಬಂತೆ ನನ್ನನ್ನು ಸರಪಳಿ ಹಿಡಿದು ಎತ್ತಿ ಬೋಲ್ಟಿನಿಂದ ಎರಡು ಸಲ ಬಡಿದು ತೋರಿಸಿದ. ಠಪ್, ಠಪ್.

ಪಾರಿಸ ತಟ್ಟನೆ ಎದ್ದು ನಿಂತ. ಕಾಲು ಹಿತ್ತಲ ಕಡೆ ತಿರುಗಿತ್ತು.

ಒಲೆಯ ಮುಂದಿದ್ದ ಪದ್ಮವ್ವ ಕೂಗಿದಳು. "ಪಾರಿಸಾ, ಯಾರಲೇ ಅದು? ನಿಮ್ಮಪ್ಪ ಬಂದಂಗಾತು."

ಪಾರಿಸ ಹಿತ್ತಲಿಗೆ ಹೋಗಲಿಲ್ಲ. ಬಾಗಿಲ ಕಡೆ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮೋಹಿತೆಯ ತೊಡೆಯ ಮೇಲಿನ ಡಬ್ಬಿಯನ್ನು ಎತ್ತಿ ಮತ್ತೆ ಗೂಡಿನಲ್ಲಿಟ್ಟ.

"ಮತ್ತ ಯಾವಾಗ ಬರ್ಲಿ?" ಎಂದ ಮೋಹಿತೆ.

"ಬರಬ್ಯಾಡ್ರಿ."

ಪದ್ಮವ್ವ ಹೊರಗೆ ಬಂದು ಗೂಡು ನೋಡಿದಳು. "ಮಾರಲಿಲ್ಲ? ಹಂಗಾರ ಇನ್ನ ಮ್ಯಾಲೆ ಧೂಳಾ ನೀನ ಹೊಡಿ," ಎಂದು ಒಳಗೆ ಹೋದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆಯೂ ಇತ್ತು.

ಈಗ ನಾನು ಮತ್ತೆ ಬೇವಿನ ಮರದಲ್ಲಿದ್ದೇನೆ. ಸಿಟ್ಟು ಇಳಿದಿಲ್ಲ. ನನ್ನ ಹೆಸರು ಅಳಿಸಿದರು, ದನಿ ತೆಗೆದರು, ಗುಜರಿ ಅಂದರು. ಇಷ್ಟೆಲ್ಲ ಮಾಡಿದ ಮೇಲಲ್ಲದೆ ಆ ಮಗನಿಗೆ ಅಪ್ಪ ನೆನಪಾಗಲಿಲ್ಲ. ಮನುಷ್ಯರ ರೀತಿಯೇ ನನಗೆ ತಿಳಿಯುವುದಿಲ್ಲ.

ಪಾರಿಸ ಈಗ ನನ್ನನ್ನು ಮೆಲ್ಲಗೆ ಹೊಡೆಯುತ್ತಾನೆ. ಆ ಸದ್ದು ಮರದ ಕಟ್ಟೆಯನ್ನೂ ದಾಟುವುದಿಲ್ಲ. ಅದನ್ನು ನಿಂತು ಪೂರ್ತಿ ಕೇಳಿಸಿಕೊಂಡು, ಆಮೇಲೆ ತಾನೇ ಓಣಿ ಓಣಿ ಅಲೆದು, "ವ್ಯಾನ ಬಂತ್ರವ್ವಾ" ಎಂದು ಕೂಗಿ ಹೆಂಗಸರನ್ನು ಕರೆಯುತ್ತಾನೆ. ಹೊಸ ಗಂಟೆ ತರಬಾರದೇ ಎಂದರೆ, ಇದೇ ಐತಲ್ಲ ಅನ್ನುತ್ತಾನೆ. ದಡ್ಡ.