ಎಡಗಾಲಿನ ಚೀಲ

ಊಟದ ಮೇಜು ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಆಸ್ಪತ್ರೆಯಿಂದ ಶವ ಬರುವಷ್ಟರಲ್ಲಿ ನಡುಮನೆ ಖಾಲಿ ಮಾಡಬೇಕೆಂದು ಸತ್ತವರ ತಮ್ಮ ಅದನ್ನು ಒಳಗಿನಿಂದ ತಳ್ಳುತ್ತಿದ್ದ. ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಹೊರಗಿನಿಂದ ಎಳೆಯುತ್ತಿದ್ದರು. ಮೇಜು ಯಾರ ಮಾತನ್ನೂ ಕೇಳುವ ಹಾಗಿರಲಿಲ್ಲ.

“ಸ್ವಲ್ಪ ಓರೆ ಮಾಡ್ರೀ ಮೇಷ್ಟ್ರೇ.”

“ಓರೆ ಮಾಡೇ ಈ ಗತಿ ಬಂದಿರೋದು!”

“ಕಾಲು ಬಿಚ್ಚಿದ್ರೆ ಬರುತ್ತೆ,” ಎಂದಿತು ಇನ್ನೊಂದು ದನಿ.

ಗೇಟಿನ ಬಳಿ ಅರವತ್ತು ದಾಟಿದ ಮನುಷ್ಯರೊಬ್ಬರು ಬಟ್ಟೆಯ ಚೀಲವೊಂದನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದರು. ಹೇಳಿದವರೇ ಬಂದು, ಮಂಡಿಯೂರಿ, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಮೇಜಿನ ಎರಡು ಕಾಲು ಬಿಚ್ಚಿದರು. ಮೇಜು ಮರ್ಯಾದೆಯಿಂದ ಹೊರಗೆ ಬಂತು.

“ಬದುಕಿಸಿದ್ರಿ,” ಎಂದ ತಮ್ಮ, ಬೆವರು ಒರೆಸಿಕೊಳ್ಳುತ್ತಾ. “ಸ್ಮಶಾನದ ಗಾಡಿ ಎಲ್ಲಿ ನಿಲ್ಲಿಸಿದೀರಿ? ಮೂರು ಗಂಟೆಗೆ ಅಂತ ಹೇಳಿದ್ವಲ್ಲ?”

“ನಾನು ಗಾಡಿಯವನಲ್ಲ. ಬ್ಯಾಗ್ ರಿಪೇರಿಯವನು.”

“ಬ್ಯಾಗಾ? ಯಾವ ಬ್ಯಾಗ್ ರೀ ಇವತ್ತು?”

“ರಿಪೇರಿಗಲ್ಲ. ನಿಮ್ಮಣ್ಣನಿಗೆ ಒಂದು ಮಾತು ಹೇಳ್ಬೇಕಿತ್ತು.”

ಮೇಷ್ಟ್ರು ಅವರನ್ನು ಮೇಲಿಂದ ಕೆಳಗೆ ನೋಡಿದರು. “ಸ್ವಲ್ಪ ತಡ ಆಯ್ತಲ್ಲ ಸ್ವಾಮಿ,” ಎಂದರು. ಅವರು ವ್ಯಂಗ್ಯಕ್ಕೆ ಹೇಳಿದ್ದಲ್ಲ. ಬ್ಯಾಗ್ ರಿಪೇರಿಯವರು ಬಿಚ್ಚಿದ ಸ್ಕ್ರೂಗಳನ್ನು ಒಂದೊಂದಾಗಿ ಮೇಷ್ಟ್ರ ಕೈಗೆ ಹಾಕಿದರು.

*

ಸತ್ತವರು ಮೂವತ್ತೆಂಟು ವರ್ಷ ಒಂದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿದವರು. ಊರಿನ ಅರ್ಧ ಜನರ ಮೂಗಿನ ಮೇಲೆ ಅವರ ಕೈಕೆಲಸ ಕೂತಿತ್ತು. ಆದರೆ ದಾರಿಯಲ್ಲಿ ಎದುರಾದರೆ ಯಾರಿಗೂ ಅವರ ಗುರುತು ಸಿಗುತ್ತಿರಲಿಲ್ಲ. ಅವರಿಗೆ ಅದರಿಂದ ಬೇಸರವೇನೂ ಇದ್ದಂತೆ ಕಾಣದು.

ಒಂದು ಮಧ್ಯಾಹ್ನ ಅವರು ಕರವಸ್ತ್ರದಲ್ಲಿ ಏನನ್ನೋ ಸುತ್ತಿಕೊಂಡು ಬ್ಯಾಗ್ ರಿಪೇರಿ ಅಂಗಡಿಗೆ ಬಂದರು. ಬಿಚ್ಚಿದರೆ ಒಂದಡಿ ಎತ್ತರದ ಸೈನಿಕ. ಹೆಲ್ಮೆಟ್ಟು, ಬೂಟು, ಬೆನ್ನಿಗೊಂದು ಪ್ಯಾರಾಚೂಟು, ಎಲ್ಲ ನಿಜದಂತೆಯೇ.

“ಇವನಿಗೊಂದು ಪಟ್ಟಿ ಹೊಲಿದು ಕೊಡ್ತೀರಾ?”

“ಎಷ್ಟುದ್ದ?”

“ಕಿರುಬೆರಳಷ್ಟು.”

“ಏನು, ಹುಡುಗನಿಗೆ ಮದುವೆಯಾ?” ಎಂದು ರಿಪೇರಿಯವರು ನಕ್ಕರು. ಬಂದವರು ನಗಲಿಲ್ಲ. ಸ್ಟೂಲಿನ ಮೇಲೆ ಕೂತು, ಹಳೆಯ ಯುದ್ಧವೊಂದರಲ್ಲಿ ಇಂಥವರು ವಿಮಾನದಿಂದ ಹೇಗೆ ಹಾರುತ್ತಿದ್ದರೆಂದು ವಿವರಿಸಿದರು. ಬೆನ್ನಿಗೆ ದೊಡ್ಡ ಪ್ಯಾರಾಚೂಟು, ಎದೆಗೆ ಚಿಕ್ಕದು, ಕಾಲಿಗೆ ಭಾರದ ಚೀಲ. ನೆಲ ಹತ್ತಿರ ಬಂದಾಗ ಕೊಂಡಿ ಎಳೆದರೆ ಚೀಲ ಹಗ್ಗದಲ್ಲಿ ಕೆಳಗಿಳಿಯುತ್ತದೆ. ಮೊದಲು ಚೀಲ ನೆಲ ಮುಟ್ಟುತ್ತದೆ, ಆಮೇಲೆ ಮನುಷ್ಯ. ಕೇಳುತ್ತಾ ಕೇಳುತ್ತಾ ರಿಪೇರಿಯವರ ಸೂಜಿ ನಿಂತೇ ಹೋಯಿತು.

ಅಲ್ಲಿಂದ ಒಂಬತ್ತು ವರ್ಷ, ಪ್ರತಿ ಭಾನುವಾರ, ಒಬ್ಬನಾದ ಮೇಲೊಬ್ಬ ಸೈನಿಕ. ಒಬ್ಬರು ಕನ್ನಡಕದ ಸ್ಕ್ರೂಗಳಿಂದ ಕೊಂಡಿ ಮಾಡುವುದು, ಇನ್ನೊಬ್ಬರು ಚೂರು ಚರ್ಮದಿಂದ ಪಟ್ಟಿ ಹೊಲಿಯುವುದು. ಅಂಥದೊಂದು ಭಾನುವಾರ ಗಾಜಿನವರು ತಲೆ ತಗ್ಗಿಸಿಕೊಂಡು ಒಂದು ಗುಟ್ಟು ಹೇಳಿದ್ದರು: “ಏಣಿಯ ಮೂರನೇ ಮೆಟ್ಟಿಲು ಹತ್ತಿದ್ರೆ ನನಗೆ ಕಾಲು ನಡುಗುತ್ತಪ್ಪ. ಮನೇಲಿ ಬಲ್ಬ್ ಹಾಕೋದೂ ನಮ್ಮವಳೇ.” ಬೇರೆ ಯಾರಿಗೂ ಅವರು ಅದನ್ನು ಹೇಳಿರಲಿಲ್ಲ.

ಜಗಳ ಬಂದದ್ದು ಒಂದು ಫೋಟೋದಿಂದ. ರಿಪೇರಿಯವರು ತಂದ ದಪ್ಪ ಪುಸ್ತಕದಲ್ಲಿ ಎಂಟು ಸೈನಿಕರು ಸಾಲಾಗಿ ನಿಂತಿದ್ದರು. ಎಲ್ಲರ ಚೀಲವೂ ಎಡಗಾಲಿಗೆ.

“ನಾವು ಎಲ್ಲಾನೂ ಬಲಗಾಲಿಗೆ ಕಟ್ಟಿದೀವಿ. ತಪ್ಪು. ಎಲ್ಲ ಬಿಚ್ಚಬೇಕು.”

ಗಾಜಿನವರು ಫೋಟೋವನ್ನು ಕಣ್ಣಿನ ಹತ್ತಿರ ತಂದರು. “ತಪ್ಪು ನಮ್ಮದಲ್ಲ. ಫೋಟೋನ ಎಡ-ಬಲ ಉಲ್ಟಾ ಅಚ್ಚು ಹಾಕಿದಾರೆ. ನೋಡು, ಎಲ್ಲರ ಗಡಿಯಾರಾನೂ ಬಲಗೈಲಿದೆ.”

“ಎಡಚರಿರ್ಬೇಕು.”

“ಎಂಟೂ ಜನ ಎಡಚರಾ?”

ಅಂಗಡಿಯಲ್ಲಿದ್ದ ಮೂರು ಗಿರಾಕಿಗಳು ನಕ್ಕರು. ರಿಪೇರಿಯವರ ಮುಖ ಕೆಂಪಾಯಿತು. ಉತ್ತರ ಇಲ್ಲದವನಿಗೆ ನಾಲಿಗೆ ಉದ್ದ ಎನ್ನುವುದು ಸುಳ್ಳಲ್ಲ. “ನೀನೇನು ನನಗೆ ಹೇಳ್ಕೊಡೋದು? ಏಣಿಯ ಮೂರನೇ ಮೆಟ್ಟಿಲಿಗೇ ಕಾಲು ನಡುಗೋ ಗಂಡಸು ನೀನು. ಬಲ್ಬ್ ಹಾಕೋಕೂ ಹೆಂಡ್ತಿ ಬೇಕು!”

ಗಿರಾಕಿಗಳು ಇನ್ನೂ ಜೋರಾಗಿ ನಕ್ಕರು. ಗಾಜಿನವರು ಸೈನಿಕನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಎದ್ದು ಹೋದರು. ಆಮೇಲೆ ಹನ್ನೊಂದು ವರ್ಷ ಅವರು ಆ ಬೀದಿಗೆ ಬರಲಿಲ್ಲ, ಇವರು ಈ ಬೀದಿಗೆ ಬರಲಿಲ್ಲ. ನಡುವೆ ಇದ್ದದ್ದು ಎರಡೇ ಬೀದಿ.

*

ಶವ ಬಂದು, ನಡುಮನೆಯಲ್ಲಿಟ್ಟು, ನೋಡುವವರು ನೋಡಿ ಕೂತ ಮೇಲೆ ಹೆಂಡತಿ ತಲೆ ಎತ್ತಿದರು. ಗೋಡೆಗೆ ಒರಗಿ ನಿಂತವರ ಗುರುತು ಅವರಿಗೆ ತಕ್ಷಣ ಸಿಕ್ಕಿತು.

“ಅಂತೂ ಬಂದ್ರಾ ಅಣ್ಣಾ,” ಎಂದರು. ದನಿಯಲ್ಲಿ ಅಳುವಿರಲಿಲ್ಲ, ಸಿಟ್ಟಿತ್ತು. “ಹನ್ನೊಂದು ವರ್ಷ ಬೇಕಾಯ್ತು ಎರಡು ಬೀದಿ ದಾಟೋಕೆ.”

“ತಪ್ಪಾಯ್ತು ಅಕ್ಕಾ.” ಅವರು ಬಟ್ಟೆ ಚೀಲದಿಂದ ಒಂದು ಪುಸ್ತಕ ತೆಗೆದು ಗುರುತಿಟ್ಟ ಪುಟ ತೆರೆದರು. “ಎರಡು ತಿಂಗಳ ಹಿಂದೆ ಇದು ಸಿಕ್ತು. ಅದೇ ಫೋಟೋ, ಸರಿಯಾಗಿ ಅಚ್ಚಾಗಿದೆ. ಗಡಿಯಾರ ಎಡಗೈಲಿ, ಚೀಲ ಬಲಗಾಲಲ್ಲಿ. ನೀನೇ ಸರಿ ಅಂತ ಹೇಳೋಣ ಅಂತ ದಿನಾ ಹೊರಡ್ತಿದ್ದೆ. ಮೂಲೆವರೆಗೂ ಬಂದು ವಾಪಸ್ ಹೋಗ್ತಿದ್ದೆ. ನಾಚಿಕೆ ಆಗ್ತಿತ್ತು ಅಕ್ಕಾ. ಚೀಲದ ಮಾತಿಗಲ್ಲ, ಏಣಿ ಮಾತಿಗೆ.”

ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಯಾವ ಏಣಿ?” ಎಂದು ಮೇಷ್ಟ್ರು ತಮ್ಮನ ಕಿವಿಯಲ್ಲಿ ಕೇಳಿದರು. ತಮ್ಮನಿಗೂ ಗೊತ್ತಿರಲಿಲ್ಲ.

ಹೆಂಡತಿ ಪುಸ್ತಕದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಮೊಣಕಾಲಿಗೆ ಕೈಯೂರಿ ಎದ್ದು, “ಬನ್ನಿ,” ಎಂದು ಒಳಕೋಣೆಗೆ ನಡೆದರು.

ಗೋಡೆಯುದ್ದಕ್ಕೂ ಗಾಜಿನ ಬಾಗಿಲಿನ ಕಪಾಟು. ಅದರೊಳಗೆ ನಲವತ್ತಮೂರು ಪ್ಯಾರಾಚೂಟ್ ಸೈನಿಕರು, ಒಂದು ಕಣ ಧೂಳಿಲ್ಲದೆ. ರಿಪೇರಿಯವರು ತಾವು ಹೊಲಿದ ಪಟ್ಟಿಗಳನ್ನು ಒಂದೊಂದಾಗಿ ಗುರುತು ಹಿಡಿದರು. ಆಮೇಲೆ ಅವರ ಕಣ್ಣು ಕೆಳಗಿಳಿಯಿತು. ಮೊದಲನೆಯವನ ಚೀಲ ಎಡಗಾಲಿಗೆ ಕಟ್ಟಿತ್ತು. ಎರಡನೆಯವನದೂ ಎಡಗಾಲಿಗೇ. ಕೊನೆಯ ಸಾಲಿನ ಕೊನೆಯವನವರೆಗೆ ನೋಡಿದರು. ನಲವತ್ತಮೂರೂ ಎಡಗಾಲು.

“ಯಾರು ಕಟ್ಟಿದ್ದು?”

“ಇನ್ಯಾರು? ನೀವು ಜಗಳ ಆಡಿ ಒಂದು ತಿಂಗಳೂ ಆಗಿರ್ಲಿಲ್ಲ. ವಾರವಿಡೀ ರಜ ಹಾಕಿ ಕೂತ್ಕೊಂಡು ಎಲ್ಲ ಬಿಚ್ಚಿ ಕಟ್ಟಿದ್ರು. ಬೆರಳೆಲ್ಲ ಕಿತ್ತು ಹೋಗಿತ್ತು.”

“ಅಂದ್ರೆ... ಅವನು ನನ್ನ ಮಾತು ನಂಬಿದ್ನಾ?”

“ಎಲ್ಲಿಂದ ನಂಬ್ತಾರೆ!” ಹೆಂಡತಿಗೆ ಆ ಹೊತ್ತಿನಲ್ಲೂ ಸಣ್ಣಗೆ ನಗು ಬಂತು. “ದಿನಾ ಬೆಳಿಗ್ಗೆ ಇಲ್ಲಿ ನಿಂತು ‘ಎಲ್ಲ ತಪ್ಪು, ಎಲ್ಲ ತಪ್ಪು’ ಅಂತ ಗೊಣಗೋರು. ಹಾಗಾದ್ರೆ ಬಿಚ್ಚಿ ಸರಿ ಮಾಡಿ ಅಂದ್ರೆ, ‘ಅವನು ಬಂದ್ರೆ ನೋಡ್ಲಿ ಕಣೇ. ಸರಿ ನಂದೇ. ಅದನ್ನ ಇಟ್ಕೊಂಡು ಒಬ್ಬನೇ ಏನ್ ಮಾಡ್ಲಿ?’ ಅನ್ನೋರು.”

ರಿಪೇರಿಯವರು ಕಪಾಟಿನ ಚೌಕಟ್ಟು ಹಿಡಿದುಕೊಂಡರು. ಹೆಂಡತಿ ಸಮಾಧಾನ ಹೇಳಲು ಹೋಗಲಿಲ್ಲ. ಹೇಳುವ ಸರದಿ ತಮ್ಮದಲ್ಲ ಎಂದು ಅವರಿಗೆ ಅನಿಸಿರಬೇಕು.

ಹೊರಗೆ ಹಾರ್ನ್ ಕೇಳಿಸಿತು. ಮಗಳು ಬಾಗಿಲಿಗೆ ಬಂದಳು. “ಅಮ್ಮಾ, ಗಾಡಿ ಬಂತು. ಚಿಕ್ಕಪ್ಪ ಕರೀತಿದಾರೆ.”

“ಬಂದೆ ಅನ್ನು.”

ರಿಪೇರಿಯವರು ಕಪಾಟಿನ ಬಾಗಿಲು ತೆರೆದು ಮೊದಲನೆಯ ಸೈನಿಕನನ್ನು ಕೈಗೆ ತೆಗೆದುಕೊಂಡಿದ್ದರು. ಉಗುರಿನಿಂದ ಗಂಟು ಹುಡುಕಿದರು. ಗಾಜಿನವರ ಗಂಟು, ಬಿಗಿ. “ಬಿಚ್ಚಲಾ ಅಕ್ಕಾ? ಅವನು ಇಲ್ಲಿರುವಾಗ್ಲೇ ಸರಿ ಮಾಡಿಬಿಡ್ತೀನಿ. ಇವು ಹೀಗಿರೋವಾಗ ಅವನನ್ನ ಹೇಗೆ ಕಳಿಸ್ಲಿ?”

“ನಲವತ್ತಮೂರಿವೆ,” ಎಂದರು ಹೆಂಡತಿ.

“ಗೊತ್ತು.”

ತಮ್ಮ ಒಳಗೆ ಬಂದ. “ಅತ್ತಿಗೆ, ಡ್ರೈವರ್ ನಿಲ್ಲಲ್ಲ ಅಂತಾನೆ. ಇನ್ನೊಂದು ಕಡೆ ಹೋಗ್ಬೇಕಂತೆ.”

“ಆ ಮನೆಯವರಿಗೂ ಸ್ವಲ್ಪ ತಡವಾಗ್ಲಿ. ನಿಮ್ಮಣ್ಣ ಜೀವಮಾನದಲ್ಲಿ ಯಾರನ್ನೂ ಕಾಯಿಸಿದವರಲ್ಲ. ಒಂದು ದಿನ ಕಾಯಿಸಿದ್ರೆ ಆಕಾಶ ಬೀಳಲ್ಲ.”

ಅತ್ತಿಗೆ ಹಾಗೆ ಮಾತಾಡಿದ್ದನ್ನು ಅವನು ಕೇಳಿದ್ದೇ ಇಲ್ಲ. ಡ್ರೈವರನ್ನು ಒಪ್ಪಿಸಲು ಹೊರಗೆ ಹೋದ.

ಹೆಂಡತಿ ಕನ್ನಡಕ ಹಾಕಿಕೊಂಡರು. ಕಪಾಟಿನಿಂದ ಸೈನಿಕರನ್ನು ಎರಡೆರಡಾಗಿ ಇಳಿಸಿ ನೆಲದ ಮೇಲೆ ನಿಲ್ಲಿಸಿ, ತಾವೂ ಎದುರಿಗೆ ಕೂತರು. ಒಬ್ಬನನ್ನು ಮಡಿಲಿಗೆ ಹಾಕಿಕೊಂಡು ಗಂಟು ಬಿಚ್ಚಿದರು.

“ಯಾವ ಕಾಲು ಅಂದ್ರಿ?”

ರಿಪೇರಿಯವರು ತೆರೆದ ಬಾಗಿಲಿನಾಚೆ, ನಡುಮನೆಯ ಕಡೆ ತಿರುಗಿದರು.

“ಬಲಗಾಲು,” ಎಂದರು, ಅಲ್ಲಿ ಮಲಗಿದವರಿಗೆ ಕೇಳಿಸುವಷ್ಟು ಜೋರಾಗಿ. “ಬಲಗಾಲು ಕಣಯ್ಯಾ.”

ಮತ್ತೆ ಹಾರ್ನ್ ಆಯಿತು. ಮಗಳು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಿದ್ದು, ಒಳಗೆ ಬಂದು ನೆಲದ ಮೇಲೆ ಕೂತು, ಒಬ್ಬ ಸೈನಿಕನನ್ನು ಎತ್ತಿಕೊಂಡಳು. ಅವಳ ಹಿಂದೆಯೇ ಮೇಷ್ಟ್ರೂ ಬಂದರು, ಅಂಗಿಯ ತೋಳು ಮಡಚುತ್ತಾ.